ವೆಲ್ಡಿಂಗ್ ಬೆಳಕು ನೋಡಿದರೆ ರಾತ್ರಿ ಕಣ್ಣು ಉರಿಯುವುದೇಕೆ?

ಎಲೆಕ್ಟ್ರೋಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಹೊತ್ತುವ ಆರ್ಕ್ ಕಣ್ಣು ಕುಕ್ಕುವ ಬೆಳಕಿನ ಜೊತೆಗೆ ಕಾಣದ ನೇರಳಾತೀತ ಕಿರಣಗಳನ್ನೂ ಹೊಮ್ಮಿಸುತ್ತದೆ. ಕೇಡು ಈ ಕಿರಣಗಳದ್ದು. ಇವನ್ನು ಹೀರಿಕೊಂಡ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪರದೆಯ) ಮೇಲ್ಪದರದ ಕೋಶಗಳು ಕೂಡಲೇ ಉದುರುವುದಿಲ್ಲ. ಹಾಗಾಗಿ ಮಧ್ಯಾಹ್ನ ಬೆಳಕು ನೋಡಿದಾಗ ಏನೂ ಅನಿಸದೆ, ಸಾಮಾನ್ಯವಾಗಿ 6ರಿಂದ 12 ಗಂಟೆಗಳ ಬಳಿಕ ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ, ನೀರು ಸುರಿಯುತ್ತದೆ, ದೀಪ ನೋಡಲಾಗದು. ಒಂದೆರಡು ದಿನದಲ್ಲಿ ಪದರ ಮತ್ತೆ ಬೆಳೆಯುತ್ತದೆ. ಅಲ್ಲಿಯವರೆಗೆ ಕಣ್ಣುಜ್ಜಬಾರದು, ನೋವು ಕಡಿಮೆಯಾಗದಿದ್ದರೆ ಅಥವಾ ದೃಷ್ಟಿ ಮಂಜಾದರೆ ವೈದ್ಯರಿಗೆ ತೋರಿಸಬೇಕು.

ಸ್ಟಿಕ್ ವೆಲ್ಡಿಂಗಿಗೆ, ಕರೆಂಟಿಗೆ ತಕ್ಕಂತೆ, ಸಾಮಾನ್ಯವಾಗಿ 10ರಿಂದ 12ನೇ ಶೇಡಿನ (ಕಪ್ಪಿನ ದರ್ಜೆಯ) ಗಾಜಿರುವ ಮುಖಕವಚ ಬೇಕು. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕ ಏನೇನೂ ಸಾಲದು. ವೆಲ್ಡ್ ಮಾಡುವಾಗ ಗೇಟು ಹಿಡಿದು ನಿಂತ ಸಹಾಯಕನನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಅವನಿಗೂ ಅಂಥದೇ ಕವಚ ಬೇಕು.