ಮನೆಯೊಳಗಣ ನಾದಪ್ರಯೋಗ

ಸಂಗೀತವೆಂದ ಕೂಡಲೆ ನಮ್ಮ ಕಣ್ಣ ಮುಂದೆ ವೀಣೆ, ಪಿಟೀಲು, ತಬಲ, ಹಾರ್ಮೋನಿಯಂಗಳು ನಿಲ್ಲುತ್ತವೆ. ಅವುಗಳ ಬೆನ್ನಿಗೇ ಅವುಗಳ ಬೆಲೆಯೂ ನಿಲ್ಲುತ್ತದೆ. ನಗರದ ಎರಡು ಕೋಣೆಗಳ ಮನೆಯಲ್ಲಿ ತಂಬೂರಿಯನ್ನು ಒರಗಿಸಿಡಲು ಒಂದು ಮೂಲೆ ಸಿಗುವುದೂ ಕಷ್ಟ. ಆದಕಾರಣ, ಸಂಗೀತವು ಬಲ್ಲವರಿಗೂ ಉಳ್ಳವರಿಗೂ ಸೇರಿದ್ದು, ನಾವು ಬರಿಯ ಕೇಳುಗರು ಎಂದು ನಮ್ಮಲ್ಲಿ ಹಲವರು ಬಾಲ್ಯದಲ್ಲಿಯೇ ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ಅವಸರದ್ದು. ಮನೆಯ ವಸ್ತುಗಳನ್ನೇ ವಾದ್ಯಗಳನ್ನಾಗಿ ಮಾಡಿಕೊಂಡು, ಸಾಮಾನ್ಯವಾದೊಂದು ಧ್ವನಿಮುದ್ರಣ ಯಂತ್ರದ ನೆರವಿನಿಂದ, ಆ ಕ್ಷಣಕ್ಕೆ ಹೊಳೆದಂತೆ ಸಂಗೀತವನ್ನು ಕಟ್ಟುವ ಕಲೆಯೊಂದುಂಟು. ಅದರ ಬಗೆಯನ್ನು ಇಲ್ಲಿ ವಿಚಾರಿಸೋಣ.

ಹೊಳೆದಂತೆ ನುಡಿಸುವುದು ನಮಗೆ ಹೊಸತಲ್ಲ. ಕರ್ನಾಟಕ ಸಂಗೀತದ ಆಲಾಪನೆ, ನೆರವಲ್, ಕಲ್ಪನಾಸ್ವರಗಳೆಲ್ಲ ಮನೋಧರ್ಮಕ್ಕೆ ಸೇರಿದವು. ಗಾಯಕನು ಅವನ್ನು ಸಭೆಯಲ್ಲಿಯೇ ಸೃಷ್ಟಿಸುತ್ತಾನೆ. ಮನೆಯ ವಸ್ತು ವಾದ್ಯವಾಗುವುದೂ ನಮಗೆ ಪರಿಚಿತವೇ. ಘಟವು ನೀರಿನ ಮಡಕೆಯ ಬಂಧು; ಜಲತರಂಗವು ನೀರು ತುಂಬಿದ ಪಿಂಗಾಣಿ ಬಟ್ಟಲುಗಳ ಸಾಲು. ಸದ್ದನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವೊಂದೇ ಈಚಿನದು. ಹಾಡಿದ್ದನ್ನು ಕಾಪಾಡಲು ಬಂದ ಆ ಯಂತ್ರ ತಾನೇ ಒಂದು ವಾದ್ಯವಾದ ಕಥೆ ಸ್ವಾರಸ್ಯವಾದುದು.

ಫ್ರೆಂಚ್ ರೇಡಿಯೊದಲ್ಲಿ ಎಂಜಿನಿಯರಾಗಿದ್ದ ಪಿಯೇರ್ ಶೆಫರ್ ಎಂಬವರು 1948ರಲ್ಲಿ ಪ್ಯಾರಿಸ್ಸಿನ ಬಾತಿನ್ಯೋಲ್ ರೈಲುನಿಲ್ದಾಣಕ್ಕೆ ಹೋಗಿ, ಉಗಿಬಂಡಿಗಳ ಸಿಳ್ಳನ್ನೂ ಗಾಲಿಗಳ ಸದ್ದನ್ನೂ ಮುದ್ರಿಸಿಕೊಂಡರು. ಗ್ರಾಮೊಫೋನ್ ತಟ್ಟೆಗಳ ಮೇಲಿನ ಆ ಸದ್ದುಗಳನ್ನು ಜೋಡಿಸಿ ಅವರು ರಚಿಸಿದ ಕೃತಿ ಅದೇ ವರ್ಷದ ಅಕ್ಟೋಬರ್ 5ರಂದು ಪ್ರಸಾರವಾಯಿತು. ತಟ್ಟೆಯ ಗೆರೆಯನ್ನು ಸುರುಳಿಯಾಗಿ ಮುಂದುವರಿಯಗೊಡದೆ ವೃತ್ತವಾಗಿ ಮುಚ್ಚಿದರೆ ಮುಳ್ಳು ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತದೆ. ಹೀಗೆ ಹತ್ತಾರು ಸಲ ಕೇಳಿದ ಮೇಲೆ ‘ಇದು ಯಾವುದರ ಸದ್ದು?’ ಎಂಬ ಪ್ರಶ್ನೆ ಮರೆಯಾಗಿ, ಆ ಸದ್ದಿನ ಏರಿಳಿತ, ಒರಟು, ನುಣುಪುಗಳೇ ಮುಂದೆ ಬರುತ್ತವೆ ಎಂಬುದನ್ನು ಅವರು ಕಂಡುಕೊಂಡರು. ದಿನವೂ ಲೋಕಲ್ ಗಾಡಿಯಲ್ಲಿ ಓಡಾಡುವ ಮುಂಬಯಿಯ ವಿದ್ಯಾರ್ಥಿಗಳು ಈ ಮಾತನ್ನು ಒಂದೇ ಪಯಣದಲ್ಲಿ ಪರೀಕ್ಷಿಸಿ ನೋಡಬಹುದು.

ಶೆಫರರಿಗೆ ರೇಡಿಯೊ ನಿಲಯದ ಬೆಂಬಲವಿತ್ತು. ಅಂಥ ಬೆಂಬಲವಿಲ್ಲದೆ ಮನೆಯಲ್ಲಿಯೇ ಈ ಕಾರ್ಯ ಸಾಧ್ಯವೆಂದು ತೋರಿಸಿದವರಲ್ಲಿ ಅಮೆರಿಕದ ಪಾಲೀನ್ ಆಲಿವೆರೋಸ್ (1932–2016) ಮುಖ್ಯರು. 1953ರಲ್ಲಿ ಅವರ ತಾಯಿ ಹುಟ್ಟುಹಬ್ಬದ ಉಡುಗೊರೆಯಾಗಿ ಒಂದು ಟೇಪ್ ರೆಕಾರ್ಡರನ್ನು ಕೊಟ್ಟರು. ಆಲಿವೆರೋಸರು ಮೈಕ್ರೊಫೋನನ್ನು ಕಿಟಕಿಯ ಬಳಿ ಇಟ್ಟು ಹೊರಗಿನ ಸದ್ದನ್ನು ಮುದ್ರಿಸಿದರು. ಮರಳಿ ಕೇಳಿದಾಗ, ಮುದ್ರಿಸುವಾಗ ತಮಗೆ ಕೇಳಿಸದೆ ಹೋಗಿದ್ದ ಎಷ್ಟೋ ಸದ್ದುಗಳು ಅದರಲ್ಲಿದ್ದವು! ಅಂದಿನಿಂದ ಸದಾ ಎಲ್ಲವನ್ನೂ ಕಿವಿಗೊಟ್ಟು ಕೇಳುವ ವ್ರತವನ್ನು ಅವರು ಕೈಗೊಂಡರು.

ಇದರಲ್ಲಿ ಮಾಯೆಯೇನೂ ಇಲ್ಲ. ಕಿವಿಗೆ ಬಿದ್ದುದರಲ್ಲಿ ನಮ್ಮ ಮನಸ್ಸು ತನಗೆ ಬೇಕಾದುದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಮೈಕ್ರೊಫೋನಿಗೆ ಅಂಥ ಮನಸ್ಸಿಲ್ಲ. ತನ್ನ ಅಳವಿಗೆ ಸಿಕ್ಕ ಕಾಗೆಯ ಕೂಗು, ಪಕ್ಕದ ಮನೆಯ ನಲ್ಲಿ, ಫ್ಯಾನಿನ ಗುಂಯ್‌ಗಾಟ ಎಲ್ಲವನ್ನೂ ಸಮನಾಗಿ ಹಿಡಿಯುತ್ತದೆ. ಹೀಗೆ ಅದು ನಮ್ಮ ಕಿವಿಗೆ ಉಪಾಧ್ಯಾಯನಾಗುತ್ತದೆ. ಯಂತ್ರದಿಂದ ನಮಗೆ ಒದಗುವ ದೊಡ್ಡ ಲಾಭ ಇದೇ.

1961ರಲ್ಲಿ ಆಲಿವೆರೋಸರು ತಮ್ಮ ಮೊದಲ ಟೇಪ್ ಕೃತಿಯನ್ನು ಮನೆಯಲ್ಲಿಯೇ ರಚಿಸಿದರು. ಪ್ರತಿಧ್ವನಿಗೆ ಸ್ನಾನದ ತೊಟ್ಟಿ, ಸದ್ದನ್ನು ಸೋಸಲು ರಟ್ಟಿನ ಕೊಳವೆ, ವೇಗವನ್ನು ಬದಲಿಸಲು ಟೇಪಿನ ಸುರುಳಿಯನ್ನು ಕೈಯಿಂದ ತಿರುಗಿಸುವುದು, ಇವೇ ಅವರ ಸಲಕರಣೆಗಳಾಗಿದ್ದವು.

ಇಂದು ನಾವು ಟೇಪ್ ರೆಕಾರ್ಡರನ್ನು ಹುಡುಕಬೇಕಾಗಿಲ್ಲ. ಮನೆಯ ಮೊಬೈಲ್ ಫೋನೇ ಸಾಕು. ಹಿರಿಯರ ಅನುಮತಿ ಪಡೆದು, ನಡುವೆ ಕರೆಗಳು ಬಾರದಂತೆ ಮಾಡಿ, ಅದನ್ನು ಮಡಿಸಿದ ಟವೆಲಿನ ಮೇಲಿಡಬೇಕು. ಮೇಜಿನ ಮೇಲೆ ನೇರವಾಗಿಟ್ಟರೆ ಮರದ ನಡುಕವೂ ಮುದ್ರಣದಲ್ಲಿ ಸೇರುತ್ತದೆ. ಸದ್ದಿನ ಮೂಲ ಗೇಣುದ್ದ ದೂರದಲ್ಲಿರಲಿ. ಸಮೀಪದಲ್ಲಿ ಜೋರಾಗಿ ಬಡಿದರೆ ಸದ್ದು ಯಂತ್ರದ ಅಳವನ್ನು ಮೀರಿ ಒಡೆದು ಕರ್ಕಶವಾಗುತ್ತದೆ. ಸಣ್ಣ ಸದ್ದುಗಳೇ ನಮಗೆ ಮೇಲು: ತಟ್ಟೆಗೆ ಉದುರುವ ಸಾಸಿವೆ, ಉಗುರಿನಿಂದ ಮೀಟಿದ ಬಾಚಣಿಗೆಯ ಹಲ್ಲು, ಬಟ್ಟಲಿನ ಅಂಚಿನ ಮೇಲೆ ಆಡಿಸಿದ ಒದ್ದೆ ಬೆರಳು. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ನೆರೆಯವರ ನಿದ್ದೆಗೂ ಇದರಿಂದ ಕೇಡಿಲ್ಲ.

ಮುದ್ರಿಸುವ ಸ್ಥಳವೂ ಒಂದು ವಾದ್ಯವೇ. ಹಂಚು ಕೂರಿಸಿದ ಬಚ್ಚಲುಮನೆಯ ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುವುದರಿಂದ ಅಲ್ಲಿ ಒಂದು ಚಪ್ಪಾಳೆಯೂ ದೀರ್ಘವಾಗುತ್ತದೆ. ಹಾಸಿಗೆ ಬಟ್ಟೆಗಳ ನಡುವೆ ಅದೇ ಚಪ್ಪಾಳೆ ಮೊಟಕಾಗುತ್ತದೆ. ಎರಡೂ ಕಡೆ ತೆರೆದ ರಟ್ಟಿನ ಕೊಳವೆಯ ಒಂದು ತುದಿಯ ಬಳಿ, ಬಾಯಿ ಮುಚ್ಚದಂತೆ, ಫೋನನ್ನಿಟ್ಟು ಇನ್ನೊಂದು ತುದಿಯಲ್ಲಿ ಸದ್ದುಮಾಡಿದರೆ, ಕೊಳವೆಯು ತನ್ನ ಉದ್ದಕ್ಕೆ ಒಪ್ಪುವ ಸ್ವರಗಳನ್ನು ಎತ್ತಿಹಿಡಿಯುತ್ತದೆ. ಅರ್ಧ ಮೀಟರಿನ ಕೊಳವೆ ಸೆಕೆಂಡಿಗೆ ಸುಮಾರು 340 ಕಂಪನಗಳ ಸ್ವರಕ್ಕೆ ಒಲಿಯುತ್ತದೆ. ಕೊಳವೆ ಉದ್ದವಾದಷ್ಟೂ ಸ್ವರ ತಗ್ಗುತ್ತದೆ.

ಇನ್ನು ವೇಗದ ವಿಷಯ. ಮುದ್ರಣವನ್ನು ಅರ್ಧ ವೇಗದಲ್ಲಿ ನುಡಿಸಿದರೆ 440 ಕಂಪನಗಳ ಸ್ವರ 220ಕ್ಕೆ ಇಳಿದು ಒಂದು ಸ್ಥಾಯಿ ಕೆಳಗಾಗುತ್ತದೆ, ಕಾಲವೂ ಇಮ್ಮಡಿಯಾಗುತ್ತದೆ. ಚಮಚದ ಕಿಣಿಕಿಣಿ ದೇವಾಲಯದ ಗಂಟೆಯಾಗುವುದನ್ನು ಹೀಗೆ ಕೇಳಬಹುದು. ಕಂಪ್ಯೂಟರಿನಲ್ಲಿ ಉಚಿತವಾಗಿ ದೊರೆಯುವ ಆಡಾಸಿಟಿ ಎಂಬ ತಂತ್ರಾಂಶ ಈ ಕೆಲಸಕ್ಕೆ ಒದಗುತ್ತದೆ. ಶ್ರುತಿಯನ್ನು ಇಳಿಸದೆ ವೇಗವನ್ನು ಮಾತ್ರ ಇಳಿಸುವ ಬಗೆಯೂ ಉಂಟಾದ್ದರಿಂದ, ಎರಡೂ ಒಟ್ಟಿಗೆ ಇಳಿಯುವ ಬಗೆಯನ್ನು ಆರಿಸಿಕೊಳ್ಳಬೇಕು.

ಸದ್ದುಗಳು ಸಿದ್ಧವಾದುವು, ಕೂಡಿ ನುಡಿಸುವುದು ಹೇಗೆ? ಇಲ್ಲಿಯೂ ಆಲಿವೆರೋಸರ ಅನುಭವ ದಾರಿತೋರುತ್ತದೆ. 1957ರಲ್ಲಿ ಅವರೂ ಟೆರ್ರಿ ರೈಲಿ, ಲೋರೆನ್ ರಷ್ ಎಂಬ ಗೆಳೆಯರೂ ಬರ್ಕ್ಲಿಯ ಕೆಪಿಎಫ್‌ಎ ರೇಡಿಯೊ ನಿಲಯದಲ್ಲಿ ಕುಳಿತು, ಒಂದು ಕಿರುಚಿತ್ರಕ್ಕಾಗಿ ಮುನ್ಸಿದ್ಧತೆಯಿಲ್ಲದೆ ನುಡಿಸಿ ಮುದ್ರಿಸಿದರು. ಮೊದಲೇ ಮಾತನಾಡಿ ಯೋಜಿಸಿದರೆ ವಾದನ ಸಪ್ಪೆಯಾಗುತ್ತದೆ. ಮೊದಲು ನುಡಿಸಿ, ಬಳಿಕ ಕೇಳಿ, ಆಮೇಲೆ ಚರ್ಚಿಸುವುದೇ ಲೇಸು ಎಂಬುದು ಅವರಿಗೆ ಮನವರಿಕೆಯಾಯಿತು.

ಈ ಕ್ರಮವನ್ನು ನಾವೂ ಅನುಸರಿಸಬಹುದು. ಮೂವರು ನಾಲ್ವರು ಸುತ್ತಲೂ ಕುಳಿತು, ಒಬ್ಬೊಬ್ಬರೂ ಒಂದೊಂದೇ ವಸ್ತುವನ್ನು ತೆಗೆದುಕೊಳ್ಳಲಿ. ಒಂದು ನಿಮಿಷ ಮೌನ. ಅನಂತರ ಮೂರು ನಿಮಿಷ ವಾದನ. ಎಲ್ಲರೂ ಬಿಡುವಿಲ್ಲದೆ ಬಡಿದರೆ ಸಂತೆಯಾಗುತ್ತದೆ. ಇನ್ನೊಬ್ಬರ ಸದ್ದು ಕೇಳಿಸದಷ್ಟು ಜೋರಾಗಿ ಯಾರೂ ನುಡಿಸಕೂಡದು. ಸುಮ್ಮನಿರಲು ಎಲ್ಲರಿಗೂ ಹಕ್ಕುಂಟು. ಮುಗಿದ ಮೇಲೆ ಮುದ್ರಣವನ್ನು ಪೂರ್ತಿ ಕೇಳಿ, ಪ್ರತಿಯೊಬ್ಬರೂ ಬೇರೆಯವರು ನುಡಿಸಿದುದರಲ್ಲಿ ತಮಗೆ ಕಂಡ ಒಂದು ಗುಣವನ್ನು ಹೇಳಲಿ. ಮತ್ತೆ ನುಡಿಸಿದಾಗ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಇದೂ ಒಂದು ಸಂಗೀತವೇ ಎಂದು ಹಿರಿಯರು ಕೇಳಬಹುದು. ಗುರುಮುಖದಿಂದ ವರ್ಷಗಟ್ಟಲೆ ಕಲಿಯುವ ವಿದ್ಯೆಗೆ ಇದು ಸಾಟಿಯೆಂದು ನಾವು ವಾದಿಸುವುದಿಲ್ಲ. ಆದರೆ ಒಬ್ಬರ ಸದ್ದಿಗೆ ಇನ್ನೊಬ್ಬರು ಕಿವಿಗೊಟ್ಟು ಉತ್ತರ ಕೊಟ್ಟಾಗ ಅಲ್ಲಿ ಸಂಗೀತ ಮೊಳೆಯುತ್ತದೆ. ಕಿವಿಗೊಡದೆ ನುಡಿಸಿದರೆ ಬೆಲೆಬಾಳುವ ವೀಣೆಯಿಂದಲೂ ಬರುವುದು ಬರಿಯ ಸದ್ದು.

ನಗರವಾಸಿಗಳಾದ ನಾವು ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಬಾಳುವುದನ್ನು ಬೇಗ ಕಲಿಯುತ್ತೇವೆ. ಹಾಗೆ ಮುಚ್ಚಿದ ಕಿವಿಗೆ ಅಜ್ಜಿ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಗುನುಗುವ ಹಾಡೂ ಕೇಳಿಸದೆ ಹೋಗುತ್ತದೆ. ಈ ರಜೆಯಲ್ಲಿ ಮನೆಯ ಸದ್ದುಗಳನ್ನು ಮುದ್ರಿಸಿಕೊಳ್ಳೋಣ. ಯಾರದಾದರೂ ದನಿಯನ್ನು ಮುದ್ರಿಸುವ ಮುನ್ನ ಅವರ ಒಪ್ಪಿಗೆಯನ್ನು ಪಡೆಯೋಣ. ಪ್ರತಿ ಮುದ್ರಣಕ್ಕೂ ದಿನಾಂಕ, ಸ್ಥಳ, ನುಡಿಸಿದವರ ಹೆಸರುಗಳನ್ನು ಬರೆದಿಡೋಣ. ಮನೆಗಳು ಬದಲಾಗುತ್ತವೆ, ಪಾತ್ರೆಗಳು ಹಳೆಯ ಸಾಮಾನಿನವನ ಪಾಲಾಗುತ್ತವೆ, ಮಕ್ಕಳ ದನಿ ಒಡೆಯುತ್ತದೆ. ಬರುವ ವರ್ಷ ಈ ಮುದ್ರಣಗಳನ್ನು ಮತ್ತೆ ಕೇಳಿದಾಗ ಅವುಗಳ ಬೆಲೆ ನಮಗೆ ತಿಳಿದೀತು.