ಮೌಸ್ ಮುಟ್ಟದೆ ಕನ್ನಡದ ಕೆಲಸ

ಕಂಟ್ರೋಲ್ ಕೀಲಿ ಹಿಡಿದು ಸಿ ಒತ್ತಿದರೆ ಆರಿಸಿದ ಪಠ್ಯ ನಕಲಾಗುತ್ತದೆ, ವಿ ಒತ್ತಿದರೆ ಅಂಟುತ್ತದೆ, ಝಡ್ ಒತ್ತಿದರೆ ಕೊನೆಯ ಬದಲಾವಣೆ ರದ್ದಾಗುತ್ತದೆ. ಇಷ್ಟು ಬಹಳ ಮಂದಿಗೆ ಗೊತ್ತು. ಇನ್ನೂ ಉಪಯುಕ್ತವಾದದ್ದು ಪದವನ್ನು ಹುಡುಕಿ ಬದಲಿಸುವ, ವರ್ಡ್‌ನ ಕಂಟ್ರೋಲ್–ಎಚ್. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಉದ್ದನೆಯ ಊರುಪಟ್ಟಿಯಲ್ಲಿ ಅಲ್ಲಲ್ಲಿ ‘ಸೌದತ್ತಿ’ ಎಂದು ಬಿದ್ದಿದ್ದರೆ, ಅಷ್ಟನ್ನೂ ಒಂದೇ ಸಲಕ್ಕೆ ‘ಸವದತ್ತಿ’ ಮಾಡಬಹುದು.

ವಿಂಡೋಸ್‌ನಲ್ಲಿ ಎರಡೂ ಭಾಷೆಯ ಕೀಲಿಮಣೆ ಅಳವಡಿಸಿದ್ದರೆ, ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಬಹುದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಆಧರಿಸಿದ ‘ನುಡಿ’ ತಂತ್ರಾಂಶದಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ: ಟಿ, ಎಫ್, ಟಿ ಒತ್ತಿದರೆ ‘ತ್ತ’. ಕಿತ್ತೂರಿಗೂ ಸವದತ್ತಿಗೂ ಇದೇ ದಾರಿ.

ಕರೆಂಟು ಯಾವಾಗ ಹೋದೀತೆಂದು ಹೇಳಲಾಗದ ಕಡೆ ಕಂಟ್ರೋಲ್–ಎಸ್ ಎಲ್ಲಕ್ಕಿಂತ ಮುಖ್ಯ. ಅದು ಕಡತವನ್ನು ಆ ಕ್ಷಣವೇ ಉಳಿಸುತ್ತದೆ.