ಲಿವರ್ ಕ್ಯಾನ್ಸರ್ ಆಪರೇಷನ್‌ಗೆ ಮುಂಚೆ ಊಟ ಬಿಟ್ಟು ತೂಕ ಇಳಿಸಬೇಕೇ?

ಉಯ್ಯಂಬಳ್ಳಿಯಂಥ ಊರಿನಿಂದ ಯಾರಾದರೂ ಲಿವರ್ ಕ್ಯಾನ್ಸರ್ ಆಪರೇಷನ್‌ಗೆಂದು ಬೆಂಗಳೂರಿಗೆ ಹೊರಟರೆ ಸಾಕು, ಬಂಧುಗಳ ಫೋನ್‌ಗಳಿಂದ ಸಲಹೆಗಳ ಸುರಿಮಳೆ. "ಬೇಳೆ, ಮೊಟ್ಟೆ ಬಿಡಿ. ತೂಕ ಇಳಿಸಿ. ಗಂಜಿ ಮಾತ್ರ ಕುಡಿಯಿರಿ." ಇದರಲ್ಲಿ ಎಷ್ಟು ನಿಜ? ನೋಡೋಣ.

ತೂಕ ಪೂರ್ತಿ ಕಥೆ ಹೇಳುವುದಿಲ್ಲ

2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು. ಪುಣೆಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯೂಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಆದರೆ ಯೂಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2! ನಮ್ಮಲ್ಲಿ ಎಷ್ಟೋ ಜನ ಹೀಗೆಯೇ: ನೋಡಲು ಸಣ್ಣ, ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಮ್ಮಿ.

ಆಪರೇಷನ್‌ಗೂ ಇದಕ್ಕೂ ಏನು ಸಂಬಂಧ?

ಸ್ನಾಯು ನಮ್ಮ ದೇಹದ ಪ್ರೋಟೀನ್ ಉಗ್ರಾಣ. ಗಾಯ ಮಾಯಲು, ಸೋಂಕಿನ ವಿರುದ್ಧ ಹೋರಾಡಲು ದೇಹ ಅಲ್ಲಿಂದಲೇ ಪ್ರೋಟೀನ್ ತೆಗೆದುಕೊಳ್ಳುತ್ತದೆ. ಉಸಿರಾಟದ ಸ್ನಾಯು ಸೊರಗಿದರೆ ಕೆಮ್ಮಿ ಕಫ ಹೊರಹಾಕುವುದೂ ಕಷ್ಟ, ನ್ಯುಮೋನಿಯಾ ಅಪಾಯ ಹೆಚ್ಚು. ಸ್ನಾಯು ಕಡಿಮೆ ಇರುವವರಲ್ಲಿ ಲಿವರ್ ಆಪರೇಷನ್ ನಂತರದ ತೊಂದರೆಗಳು ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ.

ಹೊಟ್ಟೆಯೊಳಗಿನ ಕೊಬ್ಬು ಇನ್ನೊಂದು ಸಮಸ್ಯೆ. ಅದು ಆಪರೇಷನ್ನನ್ನೇ ಕಷ್ಟವಾಗಿಸುತ್ತದೆ. ಕತ್ತರಿಸಿದ ಲಿವರ್ ಮತ್ತೆ ಬೆಳೆಯುತ್ತದೆ, ನಿಜ. ಆದರೆ ಕೊಬ್ಬು ತುಂಬಿದ ಲಿವರ್‌ಗೆ ಆ ಶಕ್ತಿ ಕಡಿಮೆ. ಸ್ನಾಯು ಕಮ್ಮಿ, ಕೊಬ್ಬು ಜಾಸ್ತಿ, ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಇದನ್ನು ತಿಳಿಯಲು ಹೊಸ ಪರೀಕ್ಷೆಯೇ ಬೇಕೆಂದಿಲ್ಲ. ಗೆಡ್ಡೆ ನೋಡಲು ಮಾಡಿದ ಸಿಟಿ ಸ್ಕ್ಯಾನ್‌ನಲ್ಲೇ ಸೊಂಟದ ಮೂರನೇ ಮೂಳೆಯ ಮಟ್ಟದಲ್ಲಿ ಸ್ನಾಯು, ಕೊಬ್ಬು ಎರಡನ್ನೂ ಅಳೆಯಬಹುದು.

ಹಾಗಾದರೆ ಏನು ಮಾಡಬೇಕು?

ಉಪವಾಸ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಲಿವರ್ ಗಟ್ಟಿಯಾಗುವ ಸಿರೋಸಿಸ್ ಇದ್ದವರಿಗೂ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತವೆ ಯುರೋಪಿನ ಮಾರ್ಗಸೂಚಿಗಳು. ಮಲಗುವ ಮುನ್ನ ಏನಾದರೂ ತಿನ್ನುವುದೂ ಒಳ್ಳೆಯದು.

ಮುದ್ದೆ ಬಿಡಬೇಕಿಲ್ಲ. ಆದರೆ ಬರೀ ಮುದ್ದೆ ಸಾಲದು. ಜೊತೆಗೆ ಹುರುಳಿಕಾಳು ಅಥವಾ ಅವರೆಕಾಳಿನ ಸಾರು, ಮೊಟ್ಟೆ, ಮೊಸರು ಇರಲಿ. ವೈದ್ಯರು ಒಪ್ಪಿದರೆ ದಿನವೂ ನಡಿಗೆ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡಿ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇದ್ದರೆ ಆಹಾರದ ಲೆಕ್ಕ ಬೇರೆ, ಡಯಟೀಷಿಯನ್‌ರನ್ನು ಕೇಳಿ. ಇದಕ್ಕಾಗಿ ಆಪರೇಷನ್ ದಿನಾಂಕವನ್ನು ಮಾತ್ರ ನೀವಾಗಿಯೇ ಮುಂದೂಡಬೇಡಿ.

ನಮ್ಮ ತೀರ್ಮಾನ: "ಊಟ ಬಿಟ್ಟು ತೂಕ ಇಳಿಸಿ" ಎನ್ನುವುದು ತಪ್ಪು ಸಲಹೆ. ವೈದ್ಯರನ್ನು "ತೂಕ ಎಷ್ಟಿರಬೇಕು?" ಎಂದಷ್ಟೇ ಕೇಳದೆ, "ನನ್ನ ಸ್ನಾಯು ಸಾಕಷ್ಟಿದೆಯೇ?" ಎಂದೂ ಕೇಳಿ. ಫಾರ್ವರ್ಡ್ ಮಾಡುವುದಾದರೆ ಈ ಪ್ರಶ್ನೆಯನ್ನು ಮಾಡಿ.